ಹಳ್ಳು

ಪೆನ್ನು ಕೆಳಗಿಡ್ರಿ. ಇದು ಪರೀಕ್ಷಾಕ್ಕ ಬರಂಗಿಲ್ಲ.
ಬಂದ್ರೂ ಐದು ಮಾರ್ಕಿಂದು,
ಐದು ಮಾರ್ಕಿನ್ಯಾಗ ಯಾರೂ ಸಾಯಂಗಿಲ್ಲ.

ಕೂಲರಿನ ನೀರು ಮುಗದದ, ಬರೇ ಬಿಸಿಗಾಳಿ ಉಗುಳ್ತದ.
ಕಿಟಕಿ ಆಚೆ ಮೇ ತಿಂಗಳ ಕಲಬುರಗಿ
ಕಾದ ಹಂಚಿನಂಗ ಸುಮ್ಮನ ಕುಂತದ.
ಮೂಲ್ಯಾಗಿನ ಪ್ಲಾಸ್ಟಿಕ್ ಗೊಂಬಿಗೆ ನೂರು ಸಲ ಎದಿ ಒತ್ತೀರಿ,
ನೂರು ಸಲ ಬದುಕ್ಯದ ಅದು.
ಅದರ ಮ್ಯಾಲ ನನಗ ನಂಬಿಕಿ ಇಲ್ಲ.

ಪುಸ್ತಕದಾಗ ಬರದದ:
ಕಡೀ ಗಳಿಗ್ಯಾಗ ರೋಗಿ ಚಾದರ ಹೆಕ್ಕತಾನ,
ಗಾಳ್ಯಾಗ ಏನೋ ಆರಿಸ್ತಾನ.
ಇದೊಂದು ಲಕ್ಷಣ. ದಾಖಲಿಸಿರಿ. ವೇಳೆ ಬರೀರಿ.
ನಾನೂ ಹಂಗೇ ಕಲಿಸಿದೆ, ಹದಿನೆಂಟು ವರ್ಷ.

ಹೋದ ವರ್ಷ ಏಳನೇ ಕಾಟಿನ ಮ್ಯಾಲ ಚಂದಮ್ಮ.
ಬ್ಯಾನಿ ಎಲುಬಿಗಿಳಿದಿತ್ತು, ಎರಡು ದಿನದಿಂದ ಮಾತಿಲ್ಲ.
ಹೆಬ್ಬಟ್ಟು, ತೋರುಬಟ್ಟು, ಬರೇ ಅವೆರಡು
ಚಾದರದ ಮ್ಯಾಲ ಹೆಕ್ಕತಿದ್ದವು,
ಹೆಕ್ಕಿ ಎಡಕ್ಕ ಒಗೀತಿದ್ದವು.
ಬರಕೋರಿ, ಅಂದೆ. ಹನ್ನೊಂದು ಇಪ್ಪತ್ತು.
ಎಲ್ಲಾರೂ ಬರಕೊಂಡ್ರು.
ರೇವಣಸಿದ್ಧ ಮಾತ್ರ ಬರೀಲಿಲ್ಲ.
ಹಿಂದಿನ ಬೆಂಚಿನವ, ಆಳಂದ ಕಡೆಯವ,
ಸೂಜಿ ಹಿಡದ್ರ ಕೈ ನಡಗತಾವ ಅಂತ ನಾನೇ ಬೈದಾಂವ.
"ಮೇಡಂ, ಈಕಿ ಎಲ್ಲಿ ದುಡೀತಿದ್ಳು?"
ಕೇಸ್ ಶೀಟಿನ್ಯಾಗ ಅದಕ್ಕ ಜಾಗಾನೇ ಇಲ್ಲ.

ಸೊಸಿ ಅಂದಳು: ದಾಲ್ ಮಿಲ್ಲಿನ್ಯಾಗ್ರಿ, ಮೂವತ್ತೊಂದು ವರ್ಷ.
ತೊಗರಿ ಬ್ಯಾಳ್ಯಾಗ ಹಳ್ಳು ಆರಸಾಕಿ.

ಸಂಜಿಮುಂದ ಅಂವ ಜೇಬಿನ್ಯಾಗ ಒಂದು ಹಿಡಿ ಬ್ಯಾಳಿ ತಂದ,
ಡ್ರೆಸ್ಸಿಂಗ್ ಟ್ರೇದಾಗ ಸುರುವಿ
(ತಪ್ಪು ಅದು, ನೀವು ಹಂಗ ಮಾಡಬ್ಯಾಡ್ರಿ)
ಆಕಿ ಕೈ ಕೆಳಗಿಟ್ಟ.
ನಾಕು ಹಳ್ಳನ್ನೂ ಬೆರಸಿದ್ದ, ಕಳ್ಳ.

ಬೆರಳು ನಿಂತವು.
ಆಮ್ಯಾಲ ಕೆಲಸಕ್ಕ ಹತ್ತಿದವು.
ಕಣ್ಣು ಮುಚ್ಚೇ ಇದ್ದವು. ಒಂದು ಹಳ್ಳು ಸಿಕ್ಕಿತು. ಎಡಕ್ಕ.
ಎರಡನೇದು.
ಬಹಳ ಹೊತ್ತಿನ ಮ್ಯಾಲ ಮೂರನೇದು.
ಹರಕು ಚೀಲ ಎಳದಂಗಿದ್ದ ಉಸಿರು
ಮರದ ಮೊರದ ಲಯಕ್ಕ ಬಂತು ಅಂದ್ರ ಸುಳ್ಳಾಗ್ತದ.
ಹಂಗೇ ಎಳೀತಿತ್ತು.
ಆದ್ರ ಹುಬ್ಬಿನ ನಡುವಿನ ಗಂಟು ಬಿಚ್ಚಿತ್ತು.

ಬದುಕಿಗೆ ಅರ್ಥ ಏನು ಮೇಡಂ, ಅಂತ ನಿನ್ನೆ ಕೇಳಿದಿ, ನಿಲೋಫರ್.
ನನಗ ಗೊತ್ತಿಲ್ಲವ್ವ.
ಆಕಿ ಆರಿಸಿದ ಬ್ಯಾಳಿ ಯಾರ ಮನ್ಯಾಗ ಕುದೀತೋ,
ಯಾವ ಕೂಸಿನ ಹಲ್ಲು ಉಳೀತೋ,
ಆಕಿಗೂ ಗೊತ್ತಿರಲಿಲ್ಲ.

ನಸುಕಿನ್ಯಾಗ ಹೋದಳು. ನಾಕು ಹತ್ತು. ವೇಳೆ ನಾನೇ ಬರದೆ.
ಟ್ರೇ ತೊಳ್ಯಾಕ ಹೋಗಿ ಎಣಿಸಿದೆ, ಹಳ್ಳು ಮೂರು.
ನಾಕನೇದು ಬ್ಯಾಳ್ಯಾಗ ಹುಡುಕಿದೆ, ಸಿಗಲಿಲ್ಲ.
ಆಕಿ ಬಲಗೈ ಮುಷ್ಟಿ ಆಗಿತ್ತು.
ಕೈ ಒರಸೋದು, ಬೆರಳು ನೆಟ್ಟಗ ಮಾಡೋದು,
ಎಲ್ಲಾ ಹಂತ ಹಂತವಾಗಿ ನಿಮಗ ಕಲಿಸೀನಿ.
ಒರಸಿದೆ.
ಬಿಚ್ಚಲಿಲ್ಲ.

ಏಳ್ರಿ, ವಾರ್ಡಿಗೆ ಹೋಗೂಣು.
ಕೇಸ್ ಶೀಟಿನ ಅಂಚಿನ್ಯಾಗ, ಪೆನ್ಸಿಲಿಂದ ಆದ್ರೂ, ಒಂದು ಸಾಲು:
ಈ ಕೈ ಏನು ಮಾಡ್ತಿತ್ತು.