ಯಕಾರ, ವಕಾರ, ಗ್ರೀಸು

ಜಕ್ಕನಹಳ್ಳಿ ಸರ್ಕಲ್ಲಿನಲ್ಲಿ ಬ್ರೇಕು ಕಟ್ಟುವವನ ಹೆಸರು
ಜವರಪ್ಪ.
ಕೇಳಿ ನಗುತ್ತಾರೆ ಮೇಲುಕೋಟೆಗೆ ಹತ್ತುವವರು;
ಇಳಿದು ಬಂದವರು ನಗುವುದಿಲ್ಲ.

ನನಗಾಗ ಹದಿನೇಳು. ಹತ್ತನೇ ಕ್ಲಾಸು, ಅದೂ ಕನ್ನಡದಲ್ಲಿ, ಡುಮ್ಕಿ.
ಅವನ ತಗಡಿನ ಶೆಡ್ಡಿನಲ್ಲಿ ಸ್ಪ್ಯಾನರು ಒರೆಸುತ್ತಿದ್ದೆ,
ಹನ್ನೆರಡು ಕೇಳಿದರೆ ಹದಿಮೂರು ಕೊಡುತ್ತಿದ್ದೆ.

ಯದುಗಿರಿ ಟೀಚರ ಹಳೇ ಇಂಡಿಕಾ ಬಂತು ಒಂದು ಮಧ್ಯಾಹ್ನ,
ಮುಂದಿನ ಪ್ಯಾಡು ಸವೆದು ಕಿರ್ರೆನ್ನುತ್ತ.
ಜವರಪ್ಪ ಊಟಕ್ಕೆ ಹೋಗಿದ್ದ.
ನಾನೇ ಬಿಚ್ಚಿದೆ, ಹೊಸ ಪ್ಯಾಡು ಕೂರಿಸಿದೆ,
ಕ್ಯಾಲಿಪರು ಜಾರುವ ಪಿನ್ನಿಗೆ
ಕೈಗೆ ಸಿಕ್ಕ ಡಬ್ಬಿಯಿಂದ ಬೆರಳು ತುಂಬ ಬಳಿದೆ,
ಟ್ರ್ಯಾಕ್ಟರಿನ ಬೇರಿಂಗಿಗೆ ತುಂಬುವ ಹಳದಿ ಗ್ರೀಸು,
ರೊಟ್ಟಿಗೆ ಬೆಣ್ಣೆ ಸವರುವ ಧಾರಾಳದಲ್ಲಿ.
ಜಿಡ್ಡು ಜಿಡ್ಡೇ ತಾನೆ.

ತಿಂಗಳೊಪ್ಪತ್ತಾಯಿತು.
ಬೆಟ್ಟ ಇಳಿಯುವಾಗ ಕೊನೆಯ ತಿರುವಿನಲ್ಲಿ
ಕಾರು ಎಡಕ್ಕೆ ಎಳೆಯಿತಂತೆ, ಹಗ್ಗ ಕಂಡ ಹೋರಿಗರುವಿನ ಹಾಗೆ.
ಚಕ್ರದಿಂದ ಹೊಗೆ.
ಹ್ಯಾಂಡ್‌ಬ್ರೇಕು ಎಳೆದು, ಮೈಲಿಗಲ್ಲಿಗೆ ಬಂಪರು ಆನಿಸಿ
ನಿಲ್ಲಿಸಿದರಂತೆ ಟೀಚರು.
ಹಿಂದಿನ ಸೀಟಿನ ಪುಳಿಯೋಗರೆ ಗೊಜ್ಜು
ವಾರವೆಲ್ಲ ಶೆಡ್ಡಿನಲ್ಲಿ ಘಮಘಮ.

ಜವರಪ್ಪ ಬಯ್ಯಲಿಲ್ಲ. ಅದೇ ಕಷ್ಟವಾಯಿತು.
ಪಿನ್ನು ಹೊಡೆದು ಕಿತ್ತು
ರಬ್ಬರಿನ ಬೂಟನ್ನು ನನ್ನ ಅಂಗೈಯಲ್ಲಿಟ್ಟ.
ನೆನೆಹಾಕಿದ ಅವರೆಯಂತೆ ಊದಿತ್ತು,
ಜಾರಬೇಕಾದ್ದನ್ನು ಅಮುಕಿ ಹಿಡಿದಿತ್ತು.
‘ಕಬ್ಣುಕ್ಕೆ ಒಗ್ಗಿದ್ದೆಲ್ಲ ರಬ್ರುಗೆ ಒಗ್ಗಕಿಲ್ಲ ಕಣ್ಲಾ.
ಪೆಟ್ರೋಲ್ ಕುಲದ ಜಿಡ್ಡು ಕಂಡ್ರೆ ಉಬ್ಕತದೆ.’

ಆಮೇಲೆ ಮೇಲಿನ ಹಲಗೆ ತೋರಿಸಿದ.
ಪಿನ್ನಿಗೆ ಸಿಲಿಕೋನು, ಗಂಜಿಯ ತಿಳಿಯ ಹಾಗೆ, ಕಡಲೆಕಾಳಿನಷ್ಟು.
ಪಿಸ್ಟನ್ನಿನ ಸೀಲಿಗೆ ಕೆಂಪನೆಯದು; ಮೂಸಿದೆ,
ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯ ದೂರದ ನೆಂಟ.
ತಾಮ್ರದ ಬಣ್ಣದ್ದು ಪ್ಯಾಡಿನ ಬೆನ್ನಿಗೆ, ಕಿವಿಗೆ,
ಬೆಂಕಿಯಂಥ ಶಾಖ ತಡೆಯುವಲ್ಲಿ, ತೆಳ್ಳಗೆ.
‘ಡಿಸ್ಕಿಗೆ?’ ಅಂದೆ.
‘ಏನೂ ಇಲ್ಲ. ಅಲ್ಲಿ ಉಜ್ಜಾಡೋದೇ ಕೆಲ್ಸ.’

ಬೆಂಚಿನ ಮೇಲೆ ಟೀ ಆರಿಸುತ್ತಿದ್ದ ಟೀಚರು
ಕನ್ನಡಕ ಏರಿಸಿದರು.
‘ಇದು ಆಗಮ ಸಂಧಿ ಕಣೋ.
ಎರಡು ಸ್ವರ ಎದುರುಬದುರಾದರೆ
ನಡುವೆ ಒಂದು ಬರಬೇಕು, ತಿಕ್ಕಾಟ ತಪ್ಪಿಸಲು.
ಮನೆಗೆ ಅನ್ನು ಸೇರಿದರೆ ಯಕಾರ,
ಗುರುವಿಗೆ ವಕಾರ.
ಮನೆವನ್ನು ಅಂತ ಬರೆದವನು ನೀನೇ ಅಲ್ವೇನೋ?’
ನಾನೇ. ಎರಡು ಸಲ.
‘ಡಿಸ್ಕು ಮತ್ತೆ ಪ್ರಕೃತಿಭಾವ. ಏನೂ ಸೇರಿಸುವ ಹಾಗಿಲ್ಲ.
ಉದಾಹರಣೆ?’
ಕೆಂಪು ಹೆದ್ದೆರೆಯ ಹಾಗೆ ಕಿವಿಗೆ ರಕ್ತ ನುಗ್ಗಿತು.
‘ಅಯ್ಯೋ ಇದೇನು’ ಅಂದೆ.
‘ಸರಿ’ ಅಂದರು. ‘ಆ ತಿರುವಿನಲ್ಲಿ ನಾನೂ ಅದನ್ನೇ ಅಂದದ್ದು.’

ಸಪ್ಲಿಮೆಂಟರಿಯಲ್ಲಿ ಮೂವತ್ತಾರು ಬಂತು.
ಉತ್ತರಪತ್ರಿಕೆಯ ಅಂಚಿನಲ್ಲಿ ನನ್ನದೊಂದು
ಹೆಬ್ಬೆಟ್ಟಿನ ಗುರುತು ಬಿದ್ದಿರಬೇಕು,
ಯಾವ ಡಬ್ಬಿಯದೋ.

ಈಗ ಜವರಪ್ಪನ ಎರಡೂ ಕಣ್ಣಿಗೆ ಪೊರೆ.
ಕುರ್ಚಿಯಲ್ಲಿ ಕೂತೇ ಕೈ ಚಾಚುತ್ತಾನೆ;
ನಾನು ಬಳಿಯುವ ಮೊದಲು ಅವನ ಬೆರಳಿಗೊಂದಿಷ್ಟು ಹಚ್ಚುತ್ತೇನೆ.
ತಿಕ್ಕಿ ನೋಡುತ್ತಾನೆ, ಮೂಸುತ್ತಾನೆ,
‘ಊಂ’ ಅನ್ನುವವರೆಗೆ
ಚಕ್ರ ಹಾಕುವುದಿಲ್ಲ.