ಅರುವತ್ತು ಅಂಕ, ಆರು ಗೂಡು

ಟ್ರಾಲಿಂಗ್ ರಜೆಯ ಹನ್ನೊಂದನೇ ದಿನ.
ಮಲ್ಪೆ ದಕ್ಕೆಯಲ್ಲಿ ಬೋಟುಗಳೆಲ್ಲ
ಮೂತಿಗೆ ಮೂತಿ ತಾಗಿಸಿ ನಿಂತಿವೆ.
ಬಲೆ ಹೆಣೆದು ಮುಗಿದಿದೆ. ನನಗೆ ಕೆಲಸವಿಲ್ಲ.
ಅಕ್ಕನ ಮಗಳು ಪ್ರಜ್ವಿತಾ
ಕಂಪ್ಯೂಟರಿನ ಮುಂದೆ ಕೂರಿಸಿ ಹೇಳಿದಳು:
ಮಾಮ, ಅರುವತ್ತು ಅಂಕ ಉಂಟು,
ಆರು ಗೂಡು. ಹಂಚು.

ಬಲ, ಚುರುಕು, ತ್ರಾಣ, ಬುದ್ಧಿ, ಮಾತು, ಅದೃಷ್ಟ.

ನಾನೆಂತ ಯೋಚಿಸಲಿಕ್ಕೆ ಹೋಗಲಿಲ್ಲ.
ಬಲಕ್ಕೆ ಇಪ್ಪತ್ತೆಂಟು ಸುರಿದೆ,
ತ್ರಾಣಕ್ಕೆ ಇಪ್ಪತ್ತು, ಚುರುಕಿಗೆ ಒಂಬತ್ತು.
ಉಳಿದ ಮೂರು
ಉಳಿದ ಮೂರಕ್ಕೆ ಒಂದೊಂದು,
ಗಂಜಿಯ ಬದಿಗೆ ಉಪ್ಪಿನಕಾಯಿಯ ಹಾಗೆ.
ಹೆಸರು ಕೇಳಿತು. ಬಂಗುಡೆ ಎಂದು ಬರೆಸಿದೆ.

ಬಂಗುಡೆ ಗಡ್ಡದ ಕುಳ್ಳ,
ಕೈಯಲ್ಲಿ ಎರಡು ಅಲಗಿನ ಕೊಡಲಿ.
ಮೊದಲ ಕಾಡಿನಲ್ಲಿ ಹದಿನಾಲ್ಕು ತೋಳ ಕಡಿದ.
ಎರಡನೆಯದರಲ್ಲಿ ಕಲ್ಲುಮೈಯ ರಾಕ್ಷಸ ಬಿದ್ದಾಗ
ನಾನೇ ಕುರ್ಚಿಯಿಂದ ಎದ್ದು ನಿಂತಿದ್ದೆ.
ಅಕ್ಕ ಅಡುಗೆಮನೆಯಿಂದ ಇಣುಕಿ
ಇವನಿಗೆ ಐವತ್ತೆರಡು ಎಂದಳು, ಯಾರಿಗೋ ಎಂಬಂತೆ.

ಆಮೇಲೆ ಒಂದು ಹೊಳೆ.
ಹೊಳೆಗೊಂದು ಕಡವು, ಕಡವಿಗೊಬ್ಬಳು ಮುದುಕಿ.
ಮುದುಕಿಗೆ ಹೊಡೆಯಲಿಕ್ಕೆ ಆಗುವುದಿಲ್ಲ.
ಅವಳ ಹತ್ತಿರ ಮಾತಾಡಬೇಕು.
ಬಂಗುಡೆ ಬಾಯಿ ತೆರೆದರೆ
ಪರದೆಯಲ್ಲಿ ಒಂದೇ ಸಾಲು ಬರುತ್ತದೆ:
'ದೋಣಿ ಕೊಡು.'
ಅವಳು ತಲೆಯಲ್ಲಾಡಿಸುತ್ತಾಳೆ.
'ದೋಣಿ ಕೊಡು.'
ಚಾ ತಣ್ಣಗಾಗುವವರೆಗೆ ಒತ್ತಿದೆ.
ಮಾತು ಒಂದೇ ಉಂಟಲ್ಲ ಮಾಮ, ಅದಕ್ಕೆ,
ಎಂದಳು ಹುಡುಗಿ ಉಗುರು ಕಚ್ಚುತ್ತ.

ಆರು ವರ್ಷದ ಹಿಂದೆ
ಕೊಡವೂರಿನ ಲೀಲಾಧರನ ಮನೆಗೆ ಹೋಗಿದ್ದೆ.
ಪಾಲುದಾರಿಕೆ ಮುರಿದ ವಾರ.
ಅವನ ಹೆಂಡತಿ ಎರಡು ಲೋಟ ತಂದಿಟ್ಟಿದ್ದಳು.
ಜಗಲಿಯಲ್ಲಿ ನಿಂತೇ ನಾನು ಹೇಳಿದ್ದು
'ಬಲೆ ಕೊಡು.'
ಕೊಟ್ಟ. ಹೊತ್ತುಕೊಂಡು ಬಂದೆ,
ಒಬ್ಬನೇ, ಎರಡಾಳಿನ ಭಾರ.

ಪ್ರಜ್ವಿ ಈ ಸಲ ಎಲ್ಲದಕ್ಕೂ ಹತ್ತತ್ತು ಹಾಕಿ
ಬೇರೊಬ್ಬನನ್ನು ಮಾಡಿದಳು.
ಎಲ್ಲ ವಿಷಯದಲ್ಲೂ ಕಷ್ಟದಲ್ಲಿ ಪಾಸಾದವ.
ನಾಲ್ಕನೇ ತೋಳಕ್ಕೇ ಹೋದ.
ಸಮ ಅಂದರೆ ಹಾಗಲ್ಲ ಮಗಳೇ ಎಂದೆ,
ಇದು ನನಗೆ ಗೊತ್ತಿರುವ ವಿದ್ಯೆ.
ಐಸು ಪೂರಾ ಹಿಂದೆ ತುಂಬಿದರೆ
ಬೋಟಿನ ಮೂತಿ ಆಕಾಶ ನೋಡುತ್ತದೆ.
ಒಂದು ಬದಿಯ ಟ್ಯಾಂಕ್ ಇಳಿದರೆ
ಸ್ಟೇರಿಂಗ್ ಹಿಡಿದವನ ಭುಜಕ್ಕೇ ಮೊದಲು ತಿಳಿಯುವುದು.
ಎಂಜಿನ್ ಕೂತ ಕಡೆ ಮತ್ತೆ ಭಾರ ಬೇಡ.
ಒಂದು ಗೂಡು ಖಾಲಿ ಬಿಡಬೇಕು,
ಮೀನು ಬರಲಿಕ್ಕುಂಟಲ್ಲ.

ಮತ್ತೆ ಬಂಗುಡೆಗೆ ಯಾಕೆ ಹಾಗೆ ಹೇರಿದ್ದು?

ನಾನು ಕಿಟಕಿ ನೋಡಿದೆ.
ಸೀವಾಕಿನ ಮೇಲೆ ಅಲೆ ಹತ್ತಿ ಇಳಿಯುತ್ತಿತ್ತು.

ಒಂದು ಮದ್ದು ಉಂಟಂತೆ ಆಟದಲ್ಲಿ.
ಕುಡಿದರೆ ಅಂಕಗಳನ್ನು ಮತ್ತೆ ಹಂಚಬಹುದು,
ಒಂದೇ ಸಲ.
ಅದೃಷ್ಟಕ್ಕೆ ಹಾಕಿದ್ದು ಎಂತ ಮಾಡುತ್ತದೆ ಕೇಳಿದೆ.
ಕಾಣುವುದಿಲ್ಲ ಮಾಮ, ಒಳಗೆ ಲೆಕ್ಕವಾಗುತ್ತದೆ.
ಕಾಣದ್ದಕ್ಕೆ ಕೊಟ್ಟು ಸಾಕಾಗಿದೆ ನನಗೆ.
ಅದನ್ನು ಒಂದಕ್ಕೇ ಬಿಟ್ಟೆ.
ಬಲದಿಂದ ಹನ್ನೆರಡು ಕಿತ್ತು
ಮಾತಿನ ಗೂಡಿಗೆ ಹಾಕಿದೆ.
ಒಂದೊಂದು ಕೀಳುವಾಗಲೂ
ಬಂಗುಡೆಯ ತೋಳು ಕಣ್ಣೆದುರೇ ಸಣ್ಣಗಾಯಿತು.

ಈಗ ಮುದುಕಿಯ ಮುಂದೆ ನಾಲ್ಕು ಸಾಲು.
ಕೊನೆಯದು:
'ಅಜ್ಜಿ, ಈ ಹೊಳೆ ಮೊದಲೂ ಇಷ್ಟು ಅಗಲ ಇತ್ತಾ?'
ಅದನ್ನೇ ಒತ್ತಿದೆ.
ಮುದುಕಿ ಕೂತಳು. ಕೂತು ಶುರುಮಾಡಿದಳು:
ಮುಳುಗಿದ ಊರು, ಮಗ, ಒಂದು ಗಂಟೆಯ ಸದ್ದು.
ಓದಿ ಮುಗಿಯುವಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂತು.
ಕಡೆಗೆ ಹುಟ್ಟು ಕೊಟ್ಟಳು.

ಕೊಡಲಿ ಎತ್ತಲಿಕ್ಕೆ ಇಪ್ಪತ್ತು ಬಲ ಬೇಕಂತೆ.
ದಡದ ಕೆಸರಿನಲ್ಲಿ ಊರಿಟ್ಟು
ಬಂಗುಡೆ ದೋಣಿ ಹತ್ತಿದ.

ಮಾಮ, ಎಂದಳು ಪ್ರಜ್ವಿತಾ ಮೆಲ್ಲಗೆ,
ಆಚೆ ದಡದಲ್ಲೂ ತೋಳ ಉಂಟು.