ಎರಡು ಕಣ್ಣಿಗೂ ಸುಣ್ಣ

ಮಹ್ದಿಯಾಕ್ಕೆ ಬಂದದ್ದು ಹಳೆಯ ಬಂದರು ನೋಡಲೆಂದು.
ಸಾವಿರ ವರ್ಷದ ಕೆಳಗೆ ಬಂಡೆ ಕಡಿದು ಮಾಡಿದ್ದಂತೆ.
ನೋಡಿದರೆ, ಒಂದು ಕೊಳ, ಅಂಚಿಗೆ ಪಾಚಿ,
ಎರಡು ದೋಣಿ, ಒಂದರಲ್ಲಿ ಮಲಗಿದ ಬೆಕ್ಕು.
ಐದು ನಿಮಿಷಕ್ಕೆ ಮುಗಿಯಿತು ಇತಿಹಾಸ.
ಸಂಜೆಯ ರೈಲಿಗೆ ಇನ್ನೂ ಆರು ತಾಸು.

ಮೇ ತಿಂಗಳ ಕೊನೆ. ಬಿಸಿಲು ಇನ್ನೂ ಹಲ್ಲು ಮಸೆದಿಲ್ಲ.
ಗೋಡೆಗಳಾಚೆ ಮಲ್ಲಿಗೆ
ಮೊಗ್ಗು ಬಿಡಲೋ ಬೇಡವೋ ಎಂಬ ಅನುಮಾನದಲ್ಲಿದೆ.
ಅರ್ಧ ಕಿಲೋ ಏಪ್ರಿಕಾಟು ಕೊಂಡು
ಭೂಶಿರದ ತುದಿಗೆ ನಡೆದೆ.

ಅಲ್ಲಿ ಊರು ಮುಗಿದು ಗೋರಿಗಳು ಶುರುವಾಗುತ್ತವೆ.
ಇಳಿಜಾರಿನುದ್ದಕ್ಕೂ, ನೀರಿನವರೆಗೂ ಬಿಳಿ,
ಸಮುದ್ರ ಸ್ನಾನಕ್ಕೆ ಹೊರಟವರು
ಅರ್ಧ ದಾರಿಯಲ್ಲೇ ಮಾತಿಗೆ ಕೂತ ಹಾಗೆ.

ಒಬ್ಬ ಅಜ್ಜಿ ನನ್ನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು,
ಗಲ್ಲ ಎತ್ತಿ ತೋರಿಸಿದಳು: ಹಿಡಿ.
ಹಿಡಿದೆ.
ಪ್ರವಾಸಿಗೆ ಬೇರೆ ಕೆಲಸವಿರುವುದಿಲ್ಲ ಎಂದು
ಲೋಕದ ಅಜ್ಜಿಯರಿಗೆಲ್ಲ ಗೊತ್ತು.

ಅವಳ ಹೆಸರು ಮೊಂಜಿಯಾ. ಜೊತೆಗೆ ಮೊಮ್ಮಗಳು ಇನ್ಸಾಫ್,
ಹನ್ನೆರಡು ವರ್ಷ, ಶಾಲೆಯ ಇಂಗ್ಲಿಷು, ಸೊಂಟದ ಮೇಲೆ ಕೈ.
'ಸುಣ್ಣಕ್ಕೆ ಉಪ್ಪು ಹಾಕಿದ್ದೇವೆ, ಗಟ್ಟಿ ಹಿಡಿಯಲಿ ಅಂತ.
ಉಪ್ಪಿಗೇನು ಬರ, ಇಲ್ಲೇ ಇದೆಯಲ್ಲ' ಎಂದು
ಸಮುದ್ರದ ಕಡೆ ಮೂಗು ತಿರುವಿದಳು.
ಬೇಸಿಗೆ ಏರುವ ಮುಂಚೆ ವರ್ಷಕ್ಕೊಮ್ಮೆ ಬಳಿಯಬೇಕು.
ಇದು ತಾತನದು, ತೈಯಬನದು.
ತಲೆಯ ಕಡೆ ಒಂದು ಕುಳಿ, ಮಳೆನೀರು ನಿಂತು
ಹಕ್ಕಿ ಕುಡಿಯಲೆಂದು. ಅದಕ್ಕೆ ಮಾತ್ರ ಬಳಿಯಬಾರದು.

ಮೊಂಜಿಯಾ ಬಳಿದಳು. ರೊಟ್ಟಿಗೆ ಎಣ್ಣೆ ಸವರಿದಂತೆ,
ಮೂಲೆ ಬಿಡದೆ, ಸತ್ತವನನ್ನು ಬೈಯುತ್ತ.
(ಏನು ಬೈದಳೆಂದು ಇನ್ಸಾಫ್ ಹೇಳಲಿಲ್ಲ.)
ತೈಯಬ್ ಮುಗಿದ. ಬಕೆಟ್ಟಿನಲ್ಲಿ ಇನ್ನೂ ಕಾಲುಭಾಗ.
ಮುದುಕಿ ಒಂದು ಗಳಿಗೆ ಸುಮ್ಮನಿದ್ದು
ಪಕ್ಕದ ಗೋರಿಗೆ ಕುಂಚ ಹೊರಳಿಸಿದಳು.

'ಅದು ಶಾದ್ಲಿ,' ಅಂದಳು ಹುಡುಗಿ, ದನಿ ತಗ್ಗಿಸಿ,
ಅವನಿಗೆಲ್ಲಿ ಕೇಳಿಸುತ್ತದೋ ಎಂಬಂತೆ.
'ತಾತನಿಗೂ ಅವನಿಗೂ ಮೂವತ್ತೊಂದು ವರ್ಷ ಮಾತಿಲ್ಲ.'

ರಾತ್ರಿ ಕಡಲಲ್ಲಿ ದೀಪ ಹಚ್ಚಿ ಭೂತಾಯಿ ಮೀನು ಹಿಡಿಯುವವರು ಇಬ್ಬರೂ.
ಒಂದು ಅಮಾವಾಸ್ಯೆ, ಎರಡು ದೋಣಿ, ಎರಡು ದೀಪ,
ನಡುವೆ ಒಂದೇ ಒಂದು ಮೀನಿನ ಹಿಂಡು.
ನನ್ನ ಬೆಳಕಿಗೆ ಬಂದ ಮೀನು ಎಂದ ಇವನು.
ನನ್ನ ಬಲೆಗೆ ಬಿದ್ದ ಮೀನು ಎಂದ ಅವನು.
ಮೀನು ಸಂತೆಯಲ್ಲಿ ಮಾರಾಗಿ, ಹುರಿದಾಗಿ, ತಿಂದಾಗಿ,
ಮುಳ್ಳು ಬೆಕ್ಕಿಗೂ ಹೋಯಿತು.
ಜಗಳ ಮಾತ್ರ ಹಸಿಯಾಗೇ ಉಳಿಯಿತು.

ಶಾದ್ಲಿಗೆ ಮಕ್ಕಳಿಲ್ಲ. ಗೋರಿ ಕಪ್ಪು ಹಿಡಿದಿತ್ತು.
ಅಜ್ಜಿ ಏನೋ ಗೊಣಗಿದಳು. ಇನ್ಸಾಫ್ ಅನುವಾದಿಸಿದಳು:
'ಉಳಿದ ಸುಣ್ಣ ಚೆಲ್ಲಬಾರದು. ಅಷ್ಟೇ. ಬೇರೇನೂ ಇಲ್ಲ.'

ಅಷ್ಟೇ ಎಂದವಳು ಅವನ ಹಕ್ಕಿಯ ಕುಳಿಯ ಕಸ ತೆಗೆದು
ಬಾಟಲಿಯಿಂದ ನೀರು ತುಂಬಿದಳು.

ನನಗೆ ನಮ್ಮ ಮಾತು ನೆನಪಾಯಿತು.
ಹೇಳಿದೆ, ಕೈಸನ್ನೆ ಬೆರೆಸಿ:
ಪಕ್ಷಪಾತ ಮಾಡುವವರಿಗೆ ನಾವು ಅನ್ನುತ್ತೇವೆ,
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ನಿಮ್ಮಲ್ಲಿ ಎರಡಕ್ಕೂ ಸುಣ್ಣವೇ!

ಹುಡುಗಿ ತಡವರಿಸುತ್ತ ದಾಟಿಸಿದಳು.
ಮೊಂಜಿಯಾ ಕುಂಚ ನಿಲ್ಲಿಸಿ ಆಕಾಶ ನೋಡಿದಳು.
'ಬೆಣ್ಣೆಯೇ? ಈ ಬಿಸಿಲಿಗೆ? ಕರಗಿ ಹೋಗದೇ?'
ನಕ್ಕಳು, ಮೇಲಿನ ಮೂರು ಹಲ್ಲೂ ಕಾಣುವಂತೆ.

ಆಮೇಲೆ ಮೂವರೂ ಶಾದ್ಲಿಯ ನೆರಳಿನಂಚಿಗೆ ಕೂತು
ಏಪ್ರಿಕಾಟು ತಿಂದೆವು. ಬೀಜ ಎಲ್ಲಿ ಉಗುಳಲಿ ಎಂದು
ನಾನು ಹಿಂದೆಮುಂದೆ ನೋಡುತ್ತಿದ್ದರೆ
ಅಜ್ಜಿ ಸಲೀಸಾಗಿ ಸಮುದ್ರಕ್ಕೆ ಉಗುಳಿದಳು.

ರೈಲು ತಪ್ಪಿತು. ಹೋಟೆಲಿನ ಹುಡುಗ ಕೋಣೆ ಕೊಡುತ್ತ
ನನ್ನ ಬಿಳಿ ಬೂಟುಗಳನ್ನು ನೋಡಿದ, ಏನೂ ಕೇಳಲಿಲ್ಲ.

ರಾತ್ರಿ ಕಿಟಕಿಯಾಚೆ ಕಪ್ಪು ನೀರಿನ ಮೇಲೆ
ಒಂಬತ್ತು ದೀಪ ಎಣಿಸಿದೆ. ಮತ್ತೆ ಎಣಿಸಿದರೆ ಹತ್ತು.
ಯಾವ ಮೀನು ಯಾವ ಬೆಳಕಿಗೆ ಹೊರಟಿತ್ತೋ.
ಉಗುರಿನ ಸಂದಿಯಲ್ಲಿ ಸುಣ್ಣ
ಇನ್ನೂ ಸಣ್ಣಗೆ ಉರಿಯುತ್ತಿತ್ತು.